ಲೇಔಟ್ ಚರಂಡಿ ಸರ್ವೆ: ದುಡ್ಡು ಕೊಟ್ಟು ಮಾಡಿಸಬೇಕೇ?

ಬೆಂಗಳೂರಿನ ಯಾವುದೇ ಬಡಾವಣೆಗೆ ಮಳೆನೀರು ನುಗ್ಗಿದ ಮರುವಾರ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಒಂದೆರಡು ಕೊಟೇಶನ್ ಬಂದು ಬೀಳುತ್ತವೆ. ಮಳೆನೀರು ಚರಂಡಿಯ ಸರ್ವೆ, ಡಿಸೈನ್, ಎಸ್ಟಿಮೇಟ್, ಎಲ್ಲ ಸೇರಿ ಇಷ್ಟು ಅಂತ. ಈ ಸೇವೆ ಕೊಡುವವರು ಹಲವರಿದ್ದಾರೆ, ವರದಿಗಳ ನಡುವೆ ಮಾತ್ರ ಅಜಗಜಾಂತರ. ಚೆನ್ನಾಗಿ ಮಾಡಿದ್ದು ದುಡ್ಡು ವಸೂಲ್. ಕೆಟ್ಟದ್ದಾದರೆ ಕೈಗೆ ಸಿಗುವುದು ಬಣ್ಣದ ನಕ್ಷೆ ಹಾಕಿದ ಸ್ಪೈರಲ್ ಬೈಂಡಿಂಗ್ ಪುಸ್ತಕ.

ಎಲ್ಲರಿಗೂ ಇದು ಬೇಕಾಗಿಯೂ ಇಲ್ಲ. ಜೋರು ಮಳೆ ಹೊಡೆಯುವಾಗ ಕೊಡೆ ಹಿಡಿದು ಇಬ್ಬರು ಚರಂಡಿಯ ಎರಡು ತುದಿಯಲ್ಲಿ ನಿಂತು ನೋಡಿದರೆ ಅರ್ಧ ಉತ್ತರ ಪುಕ್ಕಟೆ ಸಿಗುತ್ತದೆ. ಮೇಲಿನ ಚರಂಡಿ ಉಕ್ಕಿ ರಸ್ತೆಗೆ ಹರಿಯುತ್ತಿದೆ, ಕೆಳಗಿನ ಮೋರಿಯಲ್ಲಿ (ರಸ್ತೆಯಡಿ ನೀರು ದಾಟುವ ಕಿಂಡಿ) ನೀರು ಅರ್ಧಕ್ಕೂ ಬಂದಿಲ್ಲ ಎಂದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ: ಹೂಳು, ಮನೆ ಕಟ್ಟಿದವರು ಸುರಿದ ಡೆಬ್ರಿಸ್, ಅಡ್ಡ ಹಾಯ್ದ ನೀರಿನ ಪೈಪು. ಚಪ್ಪಡಿ ಎತ್ತಿಸಿ ತೆಗೆಸಿದರಾಯಿತು. ಕೆಳಗಿನ ಮೋರಿಯೇ ತುಂಬಿ ನಿಂತಿದ್ದರೆ, ಅಥವಾ ಹೂಳೆತ್ತಿಸಿದ ಮೇಲೂ ಮೊದಲ ದೊಡ್ಡ ಮಳೆಗೆ ಅದೇ ಹಾಡಾದರೆ, ಆಗ ಸರ್ವೆ ಮಾಡಿಸಿ.

ಸರ್ವೆಯ ಜೀವ ಇರುವುದು ಇನ್ವರ್ಟ್ ಲೆವೆಲ್‌ನಲ್ಲಿ, ಅಂದರೆ ಚರಂಡಿಯ ತಳದ ಮಟ್ಟದಲ್ಲಿ. 300ಕ್ಕೆ 1ರ ಇಳಿಜಾರಿನಲ್ಲಿ 30 ಮೀಟರಿಗೆ ಇಳಿಯುವುದು ಬರೀ 10 ಸೆಂ.ಮೀ. ಗೂಗಲ್ ಅರ್ಥ್‌ನಿಂದ ಎತ್ತಿದ ಕಾಂಟೂರ್, ಅಂದರೆ ನೆಲದ ಎತ್ತರದ ಗೆರೆ, ಮೀಟರ್ ಲೆಕ್ಕದಲ್ಲಿ ತಪ್ಪುತ್ತದೆ, ಈ ಕೆಲಸಕ್ಕೆ ಅದು ದಂಡ. ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಇಟ್ಟು, ಚಪ್ಪಡಿ ಎತ್ತಿ, ಹೂಳಿನ ಮೇಲಲ್ಲ, ಗಟ್ಟಿ ಕಾಂಕ್ರೀಟಿನ ಮೇಲೆ ಸ್ಟಾಫ್, ಅಂದರೆ ಅಳತೆಯ ಕೋಲು, ನಿಲ್ಲಿಸಿ ಓದಬೇಕು. ಹತ್ತು-ಹದಿನೈದು ಮೀಟರಿಗೊಂದು, ಪ್ರತಿ ಮೋರಿಯ ಎರಡೂ ಬಾಯಿಗೊಂದು ಓದು. ಹೊರಟ, ಮಟ್ಟ ಗುರುತು ಮಾಡಿದ ಸ್ಥಿರ ಬಿಂದುವಾದ ಬೆಂಚ್ ಮಾರ್ಕ್‌ಗೇ ವಾಪಸ್ ಬಂದು ಕಿಲೋಮೀಟರಿಗೆ 24 ಮಿ.ಮೀ. ಒಳಗೆ ತಾಳೆಯಾಗಬೇಕು. ಸ್ಥಳದಲ್ಲೇ ಓದುಗಳನ್ನು ಬರೆದ ಫೀಲ್ಡ್ ಬುಕ್ಕಿನ ಪ್ರತಿ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಅರ್ಥ ಮಾಡಿಕೊಳ್ಳಿ.

ಎರಡನೇ ಎಡವಟ್ಟು ಮಳೆಯ ಲೆಕ್ಕದ್ದು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ನಗರಕ್ಕೆ 131.6 ಮಿ.ಮೀ. ಬಿತ್ತು. ಇದನ್ನು 24ರಿಂದ ಭಾಗಿಸಿ ಗಂಟೆಗೆ ಐದೂವರೆ ಮಿ.ಮೀ. ಎಂದು ಹಾಕಿದರೆ ಪುಟ್ಟ ಕಾಲುವೆಯೇ ಸಾಕೆನಿಸುತ್ತದೆ. ಸಣ್ಣ ಬಡಾವಣೆಯ ನೀರು ಕೆಳತುದಿಗೆ ಬಂದು ಸೇರಲು ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಕು. ಲೆಕ್ಕಕ್ಕೆ ಬೇಕಿರುವುದು ಅಷ್ಟು ಹೊತ್ತಿನ ಬಿರುಸು.

ಇಪ್ಪತ್ತು ಎಕರೆ, ಅಂದರೆ ಸುಮಾರು 8 ಹೆಕ್ಟೇರಿನ ಲೇಔಟ್ ತೆಗೆದುಕೊಳ್ಳಿ. ಮುಕ್ಕಾಲು ಪಾಲು ಮಳೆ ಹರಿದುಹೋಗುತ್ತದೆ, ಗಂಟೆಗೆ 80 ಮಿ.ಮೀ. ಬಿರುಸು ಎಂದಿಟ್ಟುಕೊಂಡರೆ ಸೆಕೆಂಡಿಗೆ 1,330 ಲೀಟರ್. 90 ಸೆಂ.ಮೀ. ಅಗಲದ ಕಾಂಕ್ರೀಟ್ ಚರಂಡಿ, 300ಕ್ಕೆ 1 ಇಳಿಜಾರು, 75 ಸೆಂ.ಮೀ. ನೀರು ಇದ್ದರೆ ಹೊರುವುದು ಸುಮಾರು 1,100. ತಳದಲ್ಲಿ ಒಂದಡಿ ಹೂಳು ಕೂತರೆ ಅದೂ 580ಕ್ಕೆ ಇಳಿಯುತ್ತದೆ. ಚರಂಡಿಯನ್ನು 1.2 ಮೀಟರಿಗೆ ಅಗಲ ಮಾಡಿದರೆ 1,600 ದಾಟುತ್ತದೆ, ಸರಿ. ಆದರೆ ರಸ್ತೆ ದಾಟುವಲ್ಲಿ ಎರಡು 600 ಎಂ.ಎಂ. ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಹಾಗೇ ಉಳಿದರೆ? ಅದೇ ಇಳಿಜಾರಿನಲ್ಲಿ ಎರಡೂ ಸೇರಿ ಒಯ್ಯುವುದು 700ರ ಆಸುಪಾಸು. ಲಕ್ಷಗಟ್ಟಲೆ ಸುರಿದು ಅಗಲ ಮಾಡಿದ ಚರಂಡಿ ಮೋರಿಯ ಬಾಯಲ್ಲಿ ಉಕ್ಕುತ್ತದೆ. ಒಳ್ಳೆಯ ವರದಿ ಮೋರಿ ಮೋರಿಗೂ ಈ ಲೆಕ್ಕ ಬೇರೆಯಾಗಿ ಕೊಡುತ್ತದೆ; ಬಹಳಷ್ಟರಲ್ಲಿ ಮೋರಿಯ ಅಳತೆಯೇ ಇರುವುದಿಲ್ಲ.

ಮಳೆನೀರನ್ನು ನೆಲಕ್ಕೆ ಇಂಗಿಸುವ ಇಂಗುಬಾವಿಯನ್ನು ಪ್ರವಾಹಕ್ಕೆ ಮದ್ದೆಂದು ವರದಿಯ ಬಾಲಕ್ಕೆ ಕಟ್ಟುವವರಿದ್ದಾರೆ. ಅಂತರ್ಜಲಕ್ಕೆ ಅದು ಒಳ್ಳೆಯದೇ, ಖಂಡಿತ ತೋಡಿಸಿ. ಆದರೆ ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಗೆ ಹಿಡಿಸುವುದು 4,000 ಲೀಟರ್. ಮೇಲಿನ ಬಿರುಸಿಗೆ ಮೂರು ಸೆಕೆಂಡಿನ ನೀರು.

ಕೊಟೇಶನ್‌ನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ ಸಾಲು ಒಂದೇ: ಸರ್ವೆ ಕಾಂಪೌಂಡಿನಲ್ಲಿ ನಿಲ್ಲುತ್ತದೆಯೋ, ಬಡಾವಣೆಗಳ ನೀರು ಸೇರುವ ದೊಡ್ಡ ರಾಜಕಾಲುವೆಯವರೆಗೆ ಹೋಗುತ್ತದೆಯೋ? ಅಲ್ಲಿನ ತಳದ ಮಟ್ಟ, ಗೋಡೆಯ ಮೇಲೆ ಹಳೆಯ ನೆರೆಯ ಕೆಸರು ಬಿಟ್ಟ ಗೆರೆಯ ಮಟ್ಟ, ಎರಡೂ ಬೇಕು. ಆ ಗೆರೆ ನಿಮ್ಮ ಕೆಳತುದಿಯ ರಸ್ತೆಗಿಂತ ಎತ್ತರದಲ್ಲಿದ್ದರೆ ಒಳಗೆ ಎಷ್ಟು ಅಗಲ ಮಾಡಿದರೂ ನೀರು ಹಿಮ್ಮುಖವಾಗಿ ಬರುತ್ತದೆ. ಆಗ ಫ್ಲ್ಯಾಪ್ ಗೇಟ್, ಅಂದರೆ ನೀರನ್ನು ಹೊರಗೆ ಮಾತ್ರ ಬಿಡುವ ಬಾಗಿಲು, ಸೂಚಿಸುತ್ತಾರೆ. ಪ್ಲಾಸ್ಟಿಕ್ ಸಿಕ್ಕಿ ಬಾಗಿಲು ತೆರೆದೇ ಉಳಿಯುವುದು ಮಾಮೂಲು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಬ್ಬರು ನೋಡಲೇಬೇಕು. ಗೇಟು ಮುಚ್ಚಿದ ಹೊತ್ತು ಒಳಗಿನ ಮಳೆ ನಿಲ್ಲಲು ತಗ್ಗು ಜಾಗ ಅಥವಾ ಪಂಪು ಬೇಕು ಎಂಬುದನ್ನೂ ವರದಿ ಹೇಳಿರಬೇಕು.

ಹಳೆಯ ಕಾಲುವೆ ಯಾವ ಸರ್ವೆ ನಂಬರಿನಲ್ಲಿ ಹಾದಿತ್ತೆಂದು ರಾಜ್ಯ ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ನೀವೇ ನೋಡಿಕೊಳ್ಳಬಹುದು. ಅದಕ್ಕೆ ಬೇರೆ ಬಿಲ್ ಹಾಕಿದ್ದರೆ ಹೊಡೆದುಹಾಕಿಸಿ. ಕೊನೆಯ ಕಂತು ಕೊಡುವ ಮುಂಚೆ ಪಿಡಿಎಫ್ ಜೊತೆ ಕ್ಯಾಡ್ ಫೈಲ್ (ತಿದ್ದಬಹುದಾದ ಮೂಲ ನಕ್ಷೆ) ಪಡೆಯಿರಿ, ಬೆಂಚ್ ಮಾರ್ಕ್ ಅನ್ನು ಗೇಟಿನ ಕಂಬಕ್ಕೆ ಪೇಂಟ್ ಮಾಡಿಸಿ. ಲೇಔಟ್ ಪಾಲಿಕೆಗೆ ಹಸ್ತಾಂತರವಾಗಿದ್ದರೆ ವಾರ್ಡ್ ಇಂಜಿನಿಯರ್ ಮೊದಲು ಕೇಳುವುದು ಆ ಎರಡನ್ನೇ.