ಲಾಗ್ ಜೋಡಿಸಿ ಕೊಡ್ತೀವಿ ಅನ್ನುವವರಿಗೆ ಮುಂಗಡ ಕಟ್ಟುವ ಮೊದಲು ಇದನ್ನು ಓದಿ

ಇನ್ನೂ ಸಿಟ್ಟು ಇಳಿದಿಲ್ಲ. ನಮ್ಮದು ಚಿಕ್ಕ ಟೀಮ್. ಆರ್ಡರ್, ಪೇಮೆಂಟ್, ಸ್ಟಾಕ್ ಎಲ್ಲ ಬೇರೆ ಬೇರೆ ಸರ್ವರ್‌ಗಳಲ್ಲಿ ಓಡುತ್ತವೆ. ದುಡ್ಡು ಕಟ್ ಆಗಿ ಆರ್ಡರ್ ಕ್ಯಾನ್ಸಲ್ ಆಗ್ತಿದೆ ಅಂತ ದೂರು ಬರತೊಡಗಿತು. ಕಾರಣ ಹುಡುಕಲು, ಸರ್ವರ್‌ಗಳು ಬರೆದಿಡುವ ದಾಖಲೆ (ಲಾಗ್) ಎಲ್ಲ ಜೋಡಿಸಿ ತೋರಿಸುವ ಒಂದು ಮಾನಿಟರಿಂಗ್ ಕಂಪನಿಗೆ ಇಡೀ ವರ್ಷದ ದುಡ್ಡು ಕಟ್ಟಿದೆವು. ಡೆಮೋದಲ್ಲಿ ಅವರು ಹೇಳಿದ್ದು: "ಎಲ್ಲ ಈವೆಂಟೂ ಒಂದೇ ಸ್ಕ್ರೀನಲ್ಲಿ, ನಡೆದ ಕ್ರಮದಲ್ಲೇ." ನಡೆದ ಕ್ರಮದಲ್ಲೇ!

ಸ್ಕ್ರೀನಲ್ಲಿ ಕ್ಯಾನ್ಸಲ್ ಮೊದಲು, ಪೇಮೆಂಟ್ ಆಮೇಲೆ. ಕ್ಯಾನ್ಸಲ್ ಆದಮೇಲೂ ಪೇಮೆಂಟ್ ಕೋಡ್ ದುಡ್ಡು ಕಟ್ ಮಾಡಿದ ಹಾಗೆ ಕಾಣುತ್ತಿತ್ತು. ಅದನ್ನು ನಂಬಿ ಪೇಮೆಂಟ್ ಕೋಡ್ ಬರೆದ ಹುಡುಗನನ್ನು ಎಲ್ಲರೆದುರು ಬೈದೆ. ಎರಡು ವಾರ ಪಾಪ ಅವನು ಸರಿ ಇದ್ದ ಕೋಡನ್ನೇ ಕೆದಕಿದ. ಕೊನೆಗೆ ಬಂದು ಮೆಲ್ಲಗೆ, "ಸರ್, ಪೇಮೆಂಟ್ ಮಷೀನಿನ ಗಡಿಯಾರ 4 ಸೆಕೆಂಡ್ ಮುಂದಿದೆ. ಎನ್‌ಟಿಪಿ (ಮಷೀನುಗಳ ಗಡಿಯಾರ ಸರಿ ಹೊಂದಿಸುವ ವ್ಯವಸ್ಥೆ) ನಿಂತುಹೋಗಿದೆ" ಅಂದ. ನನ್ನ ಮುಖ ಬಿಸಿಯಾಯಿತು. ಅಂದರೆ ಆ ಕಂಪನಿಯವರು ಒಂದೊಂದು ಮಷೀನು ಬರೆದ ಟೈಮ್ ನೋಡಿ ಸುಮ್ನೆ ಸಾಲಾಗಿ ಇಟ್ಟಿದ್ದರು, ಅಷ್ಟೇ. ಗಡಿಯಾರ ನಂಬದೆ, ಒಂದು ಸಂದೇಶ ಕಳಿಸಿದ್ದು ಮೊದಲು ತಲುಪಿದ್ದು ಆಮೇಲೆ ಅನ್ನುವ ಸಂಬಂಧದಿಂದ ಕ್ರಮ ಹಿಡಿಯುವುದು ಹೇಗೆ ಅಂತ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿದ್ದಾರೆ. ಇದನ್ನೇ ಮಾರುವವರಿಗೆ ಅದು ಗೊತ್ತಿರಬೇಕು, ಅಲ್ವಾ?

ಕಂಪನಿಗೆ ಫೋನ್ ಮಾಡಿದೆ. "ಗಡಿಯಾರ ನಿಮ್ಮದು ಸರ್, ನಾವೇನು ಮಾಡೋಣ?"

"ನಡೆದ ಕ್ರಮದಲ್ಲೇ ಅಂದಿದ್ರಲ್ಲ?"

"ಅದು ಸೇಲ್ಸ್‌ನವರು ಹೇಳಿರ್ತಾರೆ ಸರ್."

ಹೋಗಲಿ, ಕೆಟ್ಟ ಆರ್ಡರ್‌ಗಳ ಟ್ರೇಸ್ (ಒಂದು ರಿಕ್ವೆಸ್ಟ್ ಯಾವ ಯಾವ ಸರ್ವರ್ ದಾಟಿತು ಅನ್ನುವ ದಾಖಲೆ) ಆದರೂ ಕೊಡಿ ಅಂದೆ. "ನಿಮ್ಮ ಪ್ಲಾನಲ್ಲಿ ನೂರಕ್ಕೆ ಒಂದು ರಿಕ್ವೆಸ್ಟ್ ಮಾತ್ರ ಉಳಿಸ್ತೀವಿ ಸರ್." ನೂರಕ್ಕೆ ಒಂದು! ಅದೂ ರಿಕ್ವೆಸ್ಟ್ ಶುರುವಾಗುವಾಗಲೇ ಚೀಟಿ ಎತ್ತಿದ ಹಾಗೆ ಆರಿಸುವುದು. ಮುಂದೆ ಅದು ಕೆಡುತ್ತದೋ ಇಲ್ಲವೋ ಆಗ ಯಾರಿಗೆ ಗೊತ್ತು? ನಮಗೆ ಬೇಕಾದ ಒಂದು ಟ್ರೇಸೂ ಅವರ ಬಳಿ ಇರಲಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ "ಅಗ್ರಿಮೆಂಟ್ ಓದಿ ಸರ್." ಆಮೇಲೆ ಫೋನೇ ಎತ್ತಲಿಲ್ಲ.

ಕ್ರಮ ಯಾವುದರ ಮೇಲೆ ಹಿಡಿಯುತ್ತೀರಿ, ಎಷ್ಟು ಟ್ರೇಸ್ ಎಸೆಯುತ್ತೀರಿ ಅಂತ ಮೊದಲೇ ಕೇಳಿ. ಉತ್ತರ ಮೇಲ್‌ನಲ್ಲೇ ಬರಲಿ, ಬಾಯಿಮಾತು ಬೇಡ. ರಿಕ್ವೆಸ್ಟ್ ಮುಗಿದ ಮೇಲೆ ಕೆಟ್ಟದ್ದನ್ನು ಆರಿಸಿ ಉಳಿಸುವ ಟೇಲ್ ಸ್ಯಾಂಪ್ಲಿಂಗ್ ಇದೆಯಾ ಅಂತಲೂ ಕೇಳಿ. ವರ್ಷದ ದುಡ್ಡು ಮಾತ್ರ ಒಟ್ಟಿಗೆ ಕಟ್ಟಬೇಡಿ.

ಈಗ ಓಪನ್‌ಟೆಲಿಮೆಟ್ರಿ ಅನ್ನುವ, ಟ್ರೇಸ್ ಸಂಗ್ರಹಿಸುವ ಓಪನ್ ಸೋರ್ಸ್ ಸಾಧನ ಹಾಕಿಕೊಂಡಿದ್ದೇವೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಒಂದು ಆರ್ಡರ್ ಹೋದ ಕಡೆಯೆಲ್ಲ ಅದೇ ಟ್ರೇಸ್ ಐಡಿ ಜೊತೆಗೆ ಹೋಗುತ್ತದೆ. ಮೂರೇ ದಿನದಲ್ಲಿ ತಪ್ಪು ಸಿಕ್ಕಿತು. ಆರ್ಡರ್ ಕಡೆಯ ಟೈಮೌಟ್ (ಉತ್ತರಕ್ಕೆ ಇಷ್ಟೇ ಹೊತ್ತು ಕಾಯುವುದು ಅನ್ನುವ ಮಿತಿ). ಅದನ್ನು ಬರೆದವನು ನಾನೇ. ಆ ಹುಡುಗನಿಗೆ ಎಲ್ಲರೆದುರೇ ಕ್ಷಮೆ ಕೇಳಿದೆ. ಕಂಪನಿಗೆ ಕಟ್ಟಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.