ಎದೆಯ ನೀರಿನ ಪರೀಕ್ಷೆ ಸಾಕಾ, ಬಯಾಪ್ಸಿ ಬೇಕಾ?

ಮಡಿಕೇರಿಯಲ್ಲಿ ಎದೆಯ ನೀರು (ಶ್ವಾಸಕೋಶದ ಸುತ್ತ ತುಂಬಿಕೊಂಡ ನೀರು) ತೆಗೆಸಿದ್ದಾಗಿದೆ, ಸಾರ್ಕೋಮಾ ಅನ್ನೋ ಕ್ಯಾನ್ಸರ್ ಇರಬಹುದು ಅಂದಿದ್ದಾರೆ, ಈಗ ಬಯಾಪ್ಸಿಗೆ ಮೈಸೂರಿಗೆ ಹೋಗಬೇಕಾ ಅನ್ನೋ ಯೋಚನೆ, ಅಲ್ವಾ? ನೀರಿನ ಪರೀಕ್ಷೆ ಸುಲಭ. ಒಂದು ಸೂಜಿ, ಉಸಿರಾಟವೂ ಹಗುರ. ಆದರೆ ಸ್ನಾಯು, ಕೊಬ್ಬಿನಂಥ ಮೆತ್ತನೆ ಭಾಗದಲ್ಲಿ ಹುಟ್ಟುವ ಈ ಕ್ಯಾನ್ಸರ್ ನೀರಿನಲ್ಲಿ ಸಿಗುವುದೇ ಅಪರೂಪ, ಸಿಕ್ಕರೂ ಉದ್ದನೆಯ ಕೋಶಗಳು ಅಲ್ಲಿ ದುಂಡಗಾಗಿ ಬೇರೆ ಕ್ಯಾನ್ಸರ್ ಥರ ಕಾಣುತ್ತವೆ. ಹಾಗಂತ ನೀರನ್ನು ಸುಮ್ನೆ ಚೆಲ್ಲಬೇಡಿ. ಸೆಲ್ ಬ್ಲಾಕ್ ಮಾಡಿದರೆ, ಅಂದ್ರೆ ನೀರಿನ ಕೋಶಗಳನ್ನು ಒಟ್ಟುಗೂಡಿಸಿ ಮೇಣದ ಗಟ್ಟಿ ಮಾಡಿದರೆ, ಐಎಚ್‌ಸಿ ಪರೀಕ್ಷೆಯೂ (ಕೋಶದ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ಗುರುತಿಸುವುದು) ಆಗುತ್ತದೆ, ಜೀನ್ ಪರೀಕ್ಷೆಯಲ್ಲಿ ಎಸ್‌ಎಸ್18 ಜೀನ್ ಮುರಿದು ಬೇರೆ ಜೀನ್‌ಗೆ ಅಂಟಿದ್ದು ಸಿಕ್ಕರೆ ಸಾರ್ಕೋಮಾದ ಒಂದು ಬಗೆಯಾದ ಸೈನೋವಿಯಲ್ ಸಾರ್ಕೋಮಾ ಕಡೆಗೆ ಬೆರಳು ತೋರಿಸುತ್ತದೆ.

ದಪ್ಪ ಸೂಜಿಯಿಂದ ಮಾಡುವ ಕೋರ್ ಬಯಾಪ್ಸಿಯಲ್ಲಿ ಗಡ್ಡೆಯ ತುಂಡೇ ಸಿಗುತ್ತದೆ, ಕೋಶಗಳ ಜೋಡಣೆ ಕಾಣುತ್ತದೆ. ಮೊದಲ ಸಲದ ಪತ್ತೆಯಾದರೆ ನನ್ನ ಆಯ್ಕೆ ಇದೇ. ಮೊದಲೇ ಪತ್ತೆಯಾಗಿದ್ದ ಸಾರ್ಕೋಮಾ ಮರಳಿದ್ದರೆ ನೀರೇ ಸಾಕಾಗಬಹುದು, ಹೋಲಿಸಿ ನೋಡೋಕೆ ಹಳೇ ಪರೀಕ್ಷೆಯ ಗಾಜಿನ ಸ್ಲೈಡ್ ಮರೀದೆ ಒಯ್ಯಿರಿ.