ಹಳೇ ವ್ಯಾನಿನ ಸ್ಟೀರಿಂಗ್ ಬಿಚ್ಚುವವರೇ, ಸುತ್ತಿಗೆ ಮುಟ್ಟಬೇಡಿ

ಮಡಿಕೇರಿಯಿಂದ ಮೂರ್ನಾಡಿಗೆ ಇಳಿಯುವಾಗ ಮೇಕೇರಿ ಹತ್ತಿರ ಸ್ಟೀರಿಂಗ್ ನನ್ನ ಕೈಯಲ್ಲಿ ‘ಟಕ್’ ಅಂದಿತು. ಎಡಕ್ಕೆ ತಿರುಗಿಸಿದೆ. ಮೊದಲು ಅರ್ಧ ಬೆರಳಿನಷ್ಟು ಸ್ಟೀರಿಂಗ್ ಮಾತ್ರ ತಿರುಗಿತು, ಗಾಡಿ ಆಮೇಲೆ ತಿರುಗಿತು. ಮಳೆ, ಮಂಜು, ಎದುರಿಗೆ ಬಸ್ಸಿನ ಲೈಟು. ಇಪ್ಪತ್ತರ ವೇಗದಲ್ಲಿದ್ದೆ, ಬಚಾವಾದೆ. ಒಂದು ಎಸ್ಟೇಟ್ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಪ್ಯಾಡ್ ಕಿತ್ತು ನೋಡಿದೆ. ಮಧ್ಯದ ನಟ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೆ ಅದರ ಕೆಳಗಿನ ವಾಷರ್ ನನ್ನ ಉಗುರಿಗೇ ಗಿರ್ರನೆ ತಿರುಗಿತು!

ನಟ್ ಗಟ್ಟಿ, ವಾಷರ್ ಸಡಿಲ. ಇದು ಹೇಗಾಯಿತು ಅಂತ ಹೇಳೋಕೇ ಈ ಬರಹ. ತಪ್ಪು ಪೂರ್ತಿ ನನ್ನದೇ.

ಗಾಡಿ 1987ರ ಮಾರುತಿ ವ್ಯಾನ್. 1984ರಲ್ಲಿ ಬಂದ ಮಾದರಿ, ಓಮ್ನಿ ಅನ್ನೋ ಹೆಸರು ಬಿದ್ದದ್ದು 1988ರಲ್ಲಿ. ಹಾಗಾಗಿ ನಮ್ಮದನ್ನು ಯಾರಾದರೂ ಓಮ್ನಿ ಅಂದರೆ ಅಪ್ಪ ಈಗಲೂ ತಿದ್ದುತ್ತಾರೆ. 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರೋದರಿಂದ ಮಳೆಗಾಲದಲ್ಲಿ ಹೀಟರ್ ಬೇಕಿಲ್ಲ. ವೈಪರ್ ಮಾತ್ರ ಬೇಕೇ ಬೇಕು. ಆ ವೈಪರ್ ಜುಲೈಯಲ್ಲಿ ಕೈ ಕೊಟ್ಟಿತು. ಸ್ಟೀರಿಂಗ್ ಪಕ್ಕದ ಸ್ವಿಚ್ ಕಡ್ಡಿಯನ್ನು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಓಡುತ್ತಿತ್ತು, ಬಿಟ್ಟರೆ ಗಾಜಿನ ಮಧ್ಯದಲ್ಲೇ ನಿಲ್ಲುತ್ತಿತ್ತು. ಸ್ವಿಚ್ ಹೋಗಿದೆ ಅಂತ ತೀರ್ಮಾನ ಮಾಡಿದೆ. ಸ್ವಿಚ್ ತೆಗೆಯಬೇಕು ಅಂದರೆ ಸ್ಟೀರಿಂಗ್ ತೆಗೆಯಬೇಕು.

ಆಗಸ್ಟ್ 3, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯಲ್ಲಿ ಮದ್ದು ಪಾಯಸ. ಬೆಳಿಗ್ಗೆ ಅದಕ್ಕಾಗಿ ಮದ್ದು ಸೊಪ್ಪಿನ ರಸ ಹಿಂಡಿದ ಕೈ ನೇರಳೆ ಬಣ್ಣದಲ್ಲೇ ಇತ್ತು, ಅದೇ ಕೈಯಲ್ಲಿ ಸ್ಪ್ಯಾನರ್ ಹಿಡಿದೆ. ಬ್ಯಾಟರಿ ಕಳಚಲಿಲ್ಲ. ‘ಸ್ವಿಚ್ ತಾನೇ’ ಅಂದುಕೊಂಡೆ. ಹಾರ್ನ್ ಪ್ಯಾಡ್ ಎತ್ತಿದ ಕೂಡಲೇ ಅದರ ವೈರ್ ಕಬ್ಬಿಣಕ್ಕೆ ತಾಗಿ ಹಾರ್ನ್ ಹೊಡೆದುಕೊಳ್ಳೋಕೆ ಶುರುವಾಯಿತು. ಕೀ ಜೇಬಿನಲ್ಲೇ ಇತ್ತು. ಹಾರ್ನಿಗೆ ಕರೆಂಟ್ ಸದಾ ಇರುತ್ತೆ, ವೈರ್ ಗಾಡಿಯ ಕಬ್ಬಿಣಕ್ಕೆ ತಾಗಿದರೆ ಸಾಕು, ಸರ್ಕ್ಯೂಟ್ ಪೂರ್ತಿಯಾಯಿತು. ತೋಟದ ಕೆಲಸಗಾರರ ಲೈನ್ ಮನೆಯವರೆಲ್ಲ ಹೊರಗೆ ಬಂದರು, ನಾಯಿಗಳು ಬೇರೆ. ನಗೆಪಾಟಲು ಅಷ್ಟೇ, ಆದರೆ ಲೈಟಿನ ವೈರ್ ತಾಗಿದ್ದರೆ ಫ್ಯೂಸೋ ವೈರಿಂಗೋ ಹೋಗುತ್ತಿತ್ತು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಇದಕ್ಕೆ ಎರಡು ನಿಮಿಷ ಸಾಕು.

ಆಮೇಲೆ ನಟ್ ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆ. ನನ್ನ ದೊಡ್ಡ ತಪ್ಪು ಇಲ್ಲಿಂದ ಶುರು. ಸ್ಟೀರಿಂಗ್ ಅಲ್ಲಾಡಲಿಲ್ಲ. ನಮ್ಮ ಊರಿನ ತೇವಕ್ಕೆ ಮೂವತ್ತು ಚಿಲ್ಲರೆ ವರ್ಷ ಕೂತ ಹಲ್ಲುಗಳು (ಸ್ಟೀರಿಂಗೂ ಅದು ಕೂರುವ ಶಾಫ್ಟೂ ಕಚ್ಚಿಕೊಳ್ಳುವ ಹಲ್ಲು) ತುಕ್ಕಿನಲ್ಲಿ ಬೆಸೆದುಕೊಂಡಿದ್ದವು. ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ‘ಎಳೆದು ಹಿಡಿದು ಮಧ್ಯಕ್ಕೆ ಎರಡು ಏಟು ಹಾಕಿ, ಬರುತ್ತೆ’ ಅಂದರು. ಹಾಕಿದೆ. ಎರಡಲ್ಲ, ಎಂಟೋ ಹತ್ತೋ. ಸ್ಟೀರಿಂಗ್ ಬಂತು, ಬಂದ ರಭಸಕ್ಕೆ ನನ್ನ ಮೇಲ್ದುಟಿ ಒಡೆಯಿತು. ನಟ್ ನಾಲ್ಕು ಸುತ್ತು ಉಳಿದಿದ್ದರೆ ಅದು ಅಲ್ಲೇ ತಡೆಯುತ್ತಿತ್ತು.

ತುಟಿ ವಾಸಿಯಾಯಿತು, ಶಾಫ್ಟ್ ಆಗಲಿಲ್ಲ. ಸುತ್ತಿಗೆ ಏಟಿಗೆ ಶಾಫ್ಟಿನ ತುದಿ ಅಣಬೆಯ ಹಾಗೆ ಅಗಲವಾಗಿತ್ತು. ಕಣ್ಣಿಗೆ ಕಾಣದಷ್ಟು ಸ್ವಲ್ಪ. ವಾಪಸ್ ಹಾಕುವಾಗ ನಟ್ ಅರ್ಧ ಸುತ್ತಿಗೇ ಬಿಗಿಯಾಯಿತು. ‘ತುಕ್ಕು ಇರಬೇಕು’ ಅಂತ ಜೋರು ಹಾಕಿದೆ. ಆ ಬಿಗಿ ಸ್ಟೀರಿಂಗನ್ನು ಹಿಡಿದ ಬಿಗಿ ಅಲ್ಲ, ಹಾಳಾದ ಮರೆಯಲ್ಲಿ (ನಟ್ ಕೂರುವ ಥ್ರೆಡ್ಡಿನಲ್ಲಿ) ನಟ್ ಸಿಕ್ಕಿಕೊಂಡ ಬಿಗಿ. ಕೈಗೆ ಎರಡೂ ಒಂದೇ. ನಟ್ ತಳ ಮುಟ್ಟೇ ಇರಲಿಲ್ಲ. ಆರೇಳು ದಿನ ಘಟ್ಟದ ತಿರುವಿನಲ್ಲಿ ತಿರುಗಿಸಿ ತಿರುಗಿಸಿ ಹಲ್ಲುಗಳ ನಡುವೆ ಜಾಗವಾಗಿ ಮೇಕೇರಿಯಲ್ಲಿ ‘ಟಕ್’ ಅಂದಿತು.

ಹಾಗಾಗಿ ನಟ್ ಹಾಕುವಾಗ ಅದು ಬರೀ ಬೆರಳಿನಲ್ಲೇ ಕೆಳಗಿನವರೆಗೆ ಇಳಿಯಬೇಕು. ಇಳಿಯದಿದ್ದರೆ ಸ್ಪ್ಯಾನರ್ ಕೆಳಗಿಡಿ. ಬಿಗಿ ಮಾಡಿದ ಮೇಲೆ ವಾಷರ್ ತಿರುಗುತ್ತಾ ಅಂತ ಉಗುರಿನಲ್ಲಿ ನೋಡಿ. ಇದನ್ನು ನಾನು ಮೊದಲ ದಿನವೇ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ ಅಲ್ವಾ?

ಬಿಚ್ಚೋದಕ್ಕೆ ಸರಿಯಾದ ದಾರಿ ಪುಲ್ಲರ್, ಅಂದರೆ ಸ್ಟೀರಿಂಗನ್ನು ನಿಧಾನವಾಗಿ ಎಳೆದು ತೆಗೆಯುವ ಸಾಧನ. ಬಾಡಿಗೆಗೂ ಸಿಗುತ್ತೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮುಂದಿನ ಟೈರ್ ನೇರ ಇಟ್ಟು, ಶಾಫ್ಟಿಗೂ ಸ್ಟೀರಿಂಗಿಗೂ ಸೇರಿಸಿ ಒಂದು ಗೆರೆ ಎಳೆಯಿರಿ. ನಾನು ಗೆರೆ ಎಳೆಯಲಿಲ್ಲ. ಒಂದು ಹಲ್ಲು ಆಚೆ ಕೂತು ನೇರ ರಸ್ತೆಯಲ್ಲೂ ಸ್ಟೀರಿಂಗ್ ಓರೆಯಾಗಿತ್ತು. ಸುತ್ತಿಗೆ ಏಟು ತುದಿಯಲ್ಲೇ ನಿಲ್ಲೋದಿಲ್ಲ, ಕಾಲಮ್ (ಶಾಫ್ಟ್ ಹಾದುಹೋಗುವ ಕೊಳವೆ) ಬೇರಿಂಗಿಗೂ ಕೆಳಗಿನ ಜಾಯಿಂಟಿಗೂ ಇಳಿಯುತ್ತೆ. ಅಪಘಾತದಲ್ಲಿ ಕುಗ್ಗುವ ಹಾಗೆ ಮಾಡಿದ ಕಾಲಮ್ ಇರುವ ಗಾಡಿಗಳಲ್ಲಂತೂ ಬೇಡವೇ ಬೇಡ. ಏಟಿಗೆ ಅದು ಒಳಗೇ ಕುಗ್ಗಬಹುದು.

ಸ್ವಿಚ್ಚಿನ ಸ್ಕ್ರೂಗಳ ಕಥೆ ಬೇರೆ. ಜಪಾನ್ ಮೂಲದ ಗಾಡಿಗಳ ಸ್ಕ್ರೂ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ಹಾಗೇ ಕಾಣುತ್ತೆ, ಆದರೆ ಅದರ ತಲೆಯ ಕಚ್ಚೇ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಜಾರಿ ಎರಡರ ತಲೆ ಸವೆಯಿತು. ಸ್ವಿಚ್ ಬಿಚ್ಚಿದಾಗ ಒಳಗಿನ ಸ್ಪ್ರಿಂಗ್, ಕಡಲೆಗಿಂತ ಚಿಕ್ಕ ಗುಂಡು, ಎರಡೂ ಹಾರಿ ಕಾಫಿ ಒಣಗಿಸುವ ಕಣಕ್ಕೆ ಬಿದ್ದವು. ಸ್ಪ್ರಿಂಗ್ ಸಿಕ್ಕಿತು. ದೊಡ್ಡ ಪ್ಲಾಸ್ಟಿಕ್ ಕವರೊಳಗೆ ಕೈ ಹಾಕಿ ಬಿಚ್ಚಿದರೆ ಹಾರಿದ್ದು ಅದರಲ್ಲೇ ಉಳಿಯುತ್ತೆ.

ಇಷ್ಟೆಲ್ಲ ಮಾಡಿದ ಮೇಲೆ ಗೊತ್ತಾಗಿದ್ದು, ಸ್ವಿಚ್ ಚೆನ್ನಾಗೇ ಇತ್ತು. ಡ್ಯಾಶ್‌ಬೋರ್ಡ್ ಕೆಳಗೆ ವೈರ್‌ಗಳನ್ನು ಜೋಡಿಸುವ ಕಪ್ಲರಿನ ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಕಡ್ಡಿ ಒತ್ತಿದಾಗ ವೈರ್ ಎಳೆದು ಪಿನ್ ತಾಗುತ್ತಿತ್ತು, ಅಷ್ಟೇ. ಕೊಡಗಿನ ಮಳೆಗಾಲದಲ್ಲಿ ಹಳೇ ಗಾಡಿಯ ವೈಪರ್ ನಿಂತರೆ ಮೊದಲು ಟಾರ್ಚ್ ಹಿಡಿದು ಅಲ್ಲಿ ಮಲಗಿ ನೋಡಿ. ಸ್ಟೀರಿಂಗ್ ಮುಟ್ಟೋದೇ ಬೇಡ.

ಗೋಣಿಕೊಪ್ಪದಲ್ಲಿ ಶಾಫ್ಟಿಗೆ ಹೊಸದಾಗಿ ಮರೆ ಕೊರೆಸೋಣ ಅಂತ ಹೋದೆ. ಲೇತ್‌ನವರು ಶಾಫ್ಟ್ ನೋಡಿ ತಲೆ ಅಲ್ಲಾಡಿಸಿದರು. ಸ್ಟೀರಿಂಗ್ ವಿಷಯದಲ್ಲಿ ರಿಪೇರಿ ಮಾಡಿದ ಮರೆ ನಂಬಬೇಡಿ ಅಂದರು. ಗುಜರಿಯಿಂದ ಬೇರೆ ಶಾಫ್ಟ್ ತಂದು, ಹೊಸ ನಟ್ ಹಾಕಿ, ಈ ಸಲ ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸಿದೆ. ಈಗ ನೇರವಾಗಿದೆ, ಸದ್ದಿಲ್ಲ. ಒಂದೇ ಕೊರತೆ: ಮೊದಲ ಸಲ ಹಾಕುವಾಗ ಇಂಡಿಕೇಟರ್ ಕಡ್ಡಿಯನ್ನು ನಡುವೆ ಇಡದೆ ಸ್ಟೀರಿಂಗ್ ಒತ್ತಿದ್ದರಿಂದ ವಾಪಸ್ ತಳ್ಳುವ ಪ್ಲಾಸ್ಟಿಕ್ ಕ್ಯಾಮಿನ ಒಂದು ಕಿವಿ ಮುರಿದಿದೆ. ಎಡಕ್ಕೆ ಹಾಕಿದರೆ ತಾನೇ ಆಫ್ ಆಗುತ್ತೆ, ಬಲಕ್ಕೆ ಹಾಕಿದರೆ ನಾನೇ ತೆಗೆಯಬೇಕು. ಆ ಕ್ಯಾಮ್ ಯಾರ ಹತ್ತಿರವಾದರೂ ಬಿದ್ದಿದ್ದರೆ ಹೇಳಿ, ದುಡ್ಡು ಕೊಟ್ಟು ತಗೋತೀನಿ.